ರಾಹುಕಾಲದಲ್ಲಿ ಬಿದ್ದ ಸೀಲು

೨೦೦೮ರ ಆಗಸ್ಟ್ ೧೨, ಮಂಗಳವಾರ. ಬೆಳಗ್ಗೆ ೯.೧೦ಕ್ಕೆ ಶ್ರೀಕಂಠಯ್ಯನವರು ಸಿಡ್ನಿಯ ಎಪ್ಪಿಂಗ್ ಕಡೆಯ ಪೊಲೀಸ್ ಠಾಣೆಯ ಮೆಟ್ಟಿಲು ಹತ್ತಿದರು. ವಯಸ್ಸು ಎಪ್ಪತ್ತು. ಊರಲ್ಲಿ ವಿದ್ಯುತ್ ಇಲಾಖೆಯಲ್ಲಿ ಸೂಪರಿಂಟೆಂಡೆಂಟ್ ಆಗಿದ್ದವರು. ಇಲ್ಲಿ ಐದು ವರ್ಷದಿಂದ ಜೆಪಿ, ಅಂದರೆ ಜಸ್ಟಿಸ್ ಆಫ್ ದಿ ಪೀಸ್. ಊರಲ್ಲಿ ಗೆಜೆಟೆಡ್ ಅಧಿಕಾರಿ ನಕಲಿಗೆ ಅಟೆಸ್ಟ್ ಮಾಡಿಕೊಟ್ಟ ಹಾಗೆ ಇಲ್ಲಿ ಜೆಪಿ ಸೀಲು ಹಾಕಿ ಕೊಡುತ್ತಾನೆ. ಸಂಬಳವಿಲ್ಲ, ಗೌರವವಿದೆ. ಆ ಗೌರವಕ್ಕೆ ಈಗ ಧಕ್ಕೆ ಬಂದಿತ್ತು.

ಕೌಂಟರಿನವನು ಅವರ ಇಂಗ್ಲಿಷನ್ನು ಎರಡು ನಿಮಿಷ ಕೇಳಿ, ಒಳಗಿನಿಂದ ಡಿಟೆಕ್ಟಿವ್ ಸಾರ್ಜೆಂಟ್ ನಿಶ್ಮಿತಾಳನ್ನು ಕರೆದ. ಉಡುಪಿ ಕಡೆಯ ತುಳು ಮನೆಯವಳು. ಹನ್ನೆರಡನೇ ವಯಸ್ಸಿಗೆ ಅಪ್ಪ ಅಮ್ಮನ ಜೊತೆ ಬಂದವಳು. ಠಾಣೆಯಲ್ಲಿ ಕಂದು ಬಣ್ಣದವರು ಯಾರೇ ಬಂದರೂ ಅವಳನ್ನೇ ಕರೆಯುತ್ತಿದ್ದರು, ಬಂದವರು ಫಿಜಿಯವರಾಗಿದ್ದರೂ.

"ಇದು ನನ್ನ ಸೀಲಮ್ಮ. ಆದರೆ ನಾನು ಹಾಕಿದ್ದಲ್ಲ" ಎಂದು ಶ್ರೀಕಂಠಯ್ಯ ಒಂದು ಕಾಗದ ಚಾಚಿದರು.

ಪೌರತ್ವ ಇಲಾಖೆ ಕಳಿಸಿದ ಪ್ರತಿ ಅದು. ಗದಗ ಕಡೆಯ ಕೆರೆಹೊಲ ಎಂಬ ಊರಿನ ಪ್ರಾಥಮಿಕ ಶಾಲೆಯ ದಾಖಲಾತಿ ರಿಜಿಸ್ಟರಿನ ನಕಲು, ಕನ್ನಡದಲ್ಲಿ, ಕೈಬರಹದಲ್ಲಿ. ವಿದ್ಯಾರ್ಥಿನಿ ದ್ಯಾಮವ್ವ. ಹುಟ್ಟಿದ ವರ್ಷ ೧೯೪೬. ಕೆಳಗೆ ಜೆಪಿಯ ಸೀಲು, ಕನ್ನಡದಲ್ಲೇ ಸಹಿ, ದಿನಾಂಕ ಜುಲೈ ೧೫, ಸಮಯ ಮಧ್ಯಾಹ್ನ ೩.೧೦. ಆದರೆ ಆಕೆಯ ಪಾಸ್‌ಪೋರ್ಟಿನಲ್ಲಿರುವ ತಾರೀಖು ೧೯೫೦ರ ಜೂನ್ ೧. ನಾಲ್ಕು ವರ್ಷ ಹೇಗೆ ಬೆಳೆಯಿತು ಎಂದು ಇಲಾಖೆಗೆ ಅನುಮಾನ. ಸೀಲಿನ ನಂಬರು ಹಿಡಿದು ಜೆಪಿಗೆ ಫೋನ್ ಮಾಡಿದ್ದರು.

"ನೀವು ಹಾಕಿದ್ದಲ್ಲ ಅಂತ ಹೇಗೆ ಹೇಳ್ತೀರಿ ಅಂಕಲ್? ದಿನಕ್ಕೆ ಇಪ್ಪತ್ತು ಕಾಗದ ಬರ್ತದಲ್ಲ?"

"ಟೈಮ್ ನೋಡು. ಮಂಗಳವಾರ ಮೂರೂ ಹತ್ತು. ರಾಹುಕಾಲ! ಸಿಡ್ನಿಯ ಸೂರ್ಯೋದಯ ಹಿಡಿದು ನಾನೇ ಲೆಕ್ಕ ಹಾಕ್ತೀನಿ. ಅವತ್ತು ಎರಡೂ ಮೂವತ್ಮೂರರಿಂದ ಮೂರೂ ನಲವತ್ತೆಂಟು. ಆ ಹೊತ್ತಲ್ಲಿ ಪ್ರಧಾನಿಯೇ ಬಂದು ಬಾಗಿಲು ಬಡಿದರೂ ನಾನು ಪೆನ್ನು ಮುಟ್ಟೋನಲ್ಲ. ರಾಹುಕಾಲ ತಪ್ಪಿಸಿ ಹಾಕಿದೀನಿ ಅಂತ ಜನಕ್ಕೆ ಗೊತ್ತಾಗಲಿ ಅಂತಾನೇ ಟೈಮ್ ಬರೀತೀನಿ."

ಪಕ್ಕದಲ್ಲಿದ್ದ ಕಾನ್‌ಸ್ಟೇಬಲ್ ಡ್ಯಾರನ್‌ಗೆ ನಿಶ್ಮಿತಾ ಇದನ್ನು ಇಂಗ್ಲಿಷಿನಲ್ಲಿ ಹೇಳಿದಳು. ಅವನು ಬರೆಯುವುದನ್ನು ನಿಲ್ಲಿಸಿ, "ಅಂದರೆ ಗ್ರಹವೇ ಇವರ ಸಾಕ್ಷಿಯಾ?" ಎಂದ.

"ಬರಕೊ" ಎಂದಳು ನಿಶ್ಮಿತಾ. ಅವಳಮ್ಮ ಇವತ್ತಿಗೂ ರಾಹುಕಾಲದಲ್ಲಿ ಕಾರಿಗೆ ಪೆಟ್ರೋಲ್ ಕೂಡ ಹಾಕಿಸುವುದಿಲ್ಲ.

ನಮ್ಮ ಊರಲ್ಲಾದರೆ ಎಫ್‌ಐಆರ್ ಆಗುತ್ತಿತ್ತು. ಇಲ್ಲಿ ಕಂಪ್ಯೂಟರ್ ಒಂದು ನಂಬರು ಉಗುಳಿತು. ಒಮ್ಮೆ ಆ ನಂಬರು ಬಿತ್ತೆಂದರೆ ಕೊಟ್ಟವನು ಅತ್ತರೂ ದೂರು ಹಿಂದೆ ಬರುವುದಿಲ್ಲ. ಶ್ರೀಕಂಠಯ್ಯನವರಿಗೆ ಅದು ಆಗ ಗೊತ್ತಿರಲಿಲ್ಲ.

ಮಧ್ಯಾಹ್ನ ೧.೨೦ಕ್ಕೆ ಎಪ್ಪಿಂಗ್ ಸ್ಟೇಷನ್ ಹಿಂದಿನ ಅಪಾರ್ಟ್‌ಮೆಂಟಿನಲ್ಲಿ ಮಹಜರು. ಪಂಚರಿಲ್ಲದ ಪಂಚನಾಮೆ; ಡ್ಯಾರನ್‌ನ ಕೈಯಲ್ಲಿದ್ದ ವಿಡಿಯೋ ಕ್ಯಾಮರಾವೇ ಪಂಚ. ನಡುಮನೆಯ ಮೇಜಿನ ಡ್ರಾಯರು, ಅದಕ್ಕೆ ಬೀಗ. ಬೀಗದ ಕೈ ದೇವರ ಕೋಣೆಯ ಹೊರಗಿನ ಮೊಳೆಯಲ್ಲಿ. ಸೀಲನ್ನು ಬಿಳಿ ಹಾಳೆಯ ಮೇಲೆ ಒತ್ತಿ ನೋಡಿದರು. ನಂಬರಿನ ಕೊನೆಯ ಅಂಕಿಯ ಕಾಲು ಸವೆದಿತ್ತು. ಇಲಾಖೆಯ ಪ್ರತಿಯಲ್ಲೂ ಅದೇ ಕುಂಟು ಅಂಕಿ.

"ನಕಲಿ ಸೀಲಲ್ಲ, ಅಂಕಲ್. ಇದೇ ಸೀಲು."

ಶ್ರೀಕಂಠಯ್ಯ ಹಾಳೆಯನ್ನು ಬೆಳಕಿಗೆ ಹಿಡಿದು ಮತ್ತೆ ನೋಡಿದರು. ಅವರ ಹೆಂಡತಿ ಚಂದ್ರಪ್ರಭಾ ಕಾಫಿ ತಂದಿಟ್ಟರು. ಅರವತ್ತೆರಡರ, ನೆಟ್ಟಗೆ ನಿಲ್ಲುವ ಹೆಂಗಸು. ಲೋಟ ಅಲುಗಲಿಲ್ಲ.

"ಜುಲೈ ಹದಿನೈದಕ್ಕೆ ಮನೆಗೆ ಯಾರಾದ್ರೂ ಬಂದಿದ್ರಾ?"

"ಯಾರೂ ಇಲ್ಲ" ಎಂದರು ಶ್ರೀಕಂಠಯ್ಯ. "ರಾಹುಕಾಲ ಪೂರ್ತಿ ನಾನು ದೇವರ ಕೋಣೆಯಲ್ಲಿ, ಬಾಗಿಲು ಹಾಕ್ಕೊಂಡು. ಇವಳೂ ಮನೇಲೇ ಇದ್ದಳು, ಬೇಕಾದ್ರೆ ಕೇಳಿ."

"ಸಕ್ಕರೆ ಸಾಕಾ?" ಎಂದರು ಚಂದ್ರಪ್ರಭಾ.

ಆಗಸ್ಟ್ ೧೪, ಗುರುವಾರ. ನಿಶ್ಮಿತಾ ಬೆಳಗಿನ ವಿಮಾನದಲ್ಲಿ ಮೆಲ್ಬರ್ನಿಗೆ ಹೋದಳು. ದ್ಯಾಮವ್ವ ಅಲ್ಲಿ ನೋಬಲ್ ಪಾರ್ಕಿನಲ್ಲಿ ಮಗಳು ಹರ್ಷಿತಾಳ ಬಾಡಿಗೆ ಮನೆಯಲ್ಲಿದ್ದಳು. ಮೊದಲು ಏಳು ವರ್ಷ ಸಿಡ್ನಿಯ ಹ್ಯಾರಿಸ್ ಪಾರ್ಕಿನಲ್ಲಿದ್ದವಳು. ಮಗಳಿಗೆ ನರ್ಸ್ ಕೆಲಸ ಇಲ್ಲಿ ಸಿಕ್ಕಿದ ಮೇಲೆ ಬಂದಿದ್ದಳು. ಮೆಲ್ಬರ್ನಿನವಳ ಕಾಗದಕ್ಕೆ ಸಿಡ್ನಿಯ ಸೀಲು ಯಾಕೆ? ನಿಶ್ಮಿತಾಳ ನೋಟ್‌ಬುಕ್ಕಿನಲ್ಲಿ ಅದೇ ಮೊದಲ ಪ್ರಶ್ನೆ.

ಬಾಗಿಲು ತೆಗೆದ ದ್ಯಾಮವ್ವನ ಕೈ ಲಾಂಡ್ರಿಯ ಬಟ್ಟೆಸೋಡಾ ತಿಂದು ಬೆಳ್ಳಗಾಗಿತ್ತು.

"ಪೊಲೀಸರೇನು? ಬರ್ರಿ, ಕುಂದರ್ರಿ. ಬೂಟು ಇರಲಿ ಬಿಡ್ರಿ."

"ಈ ಕಾಗದ ಯಾರು ಬರೆದದ್ದು?"

"ನಾನ."

"ಎಷ್ಟನೇ ಕ್ಲಾಸು ಓದಿದ್ದೀರಿ?"

"ನಾಕು."

"ಇಲ್ಲಿ ಒಂದು ಸಾಲು ಬರೆದು ತೋರಿಸಿ."

"ಯಾಕ? ಇಲ್ಲೂ ಪರೀಕ್ಷಾ ಐತೇನು?" ದ್ಯಾಮವ್ವ ಪೆನ್ನು ಕಸಿದುಕೊಂಡು ತನ್ನ ಹೆಸರು ಬರೆದಳು. ಒಂದೊಂದು ಅಕ್ಷರವೂ ಏದುಸಿರು ಬಿಟ್ಟು ದಿಬ್ಬ ಹತ್ತಿದಂತಿತ್ತು. ದಾಖಲೆಯ ಅಕ್ಷರಗಳಾದರೋ ಮುತ್ತು ಪೋಣಿಸಿದಂತಿದ್ದವು.

"ಸೀಲು?"

"ಅದನ್ನೂ ನಾನ ಹಾಕೀನಿ."

"ಜುಲೈ ಹದಿನೈದು, ಮಂಗಳವಾರ ಎಲ್ಲಿದ್ರಿ?"

"ಲಾಂಡ್ರಿಯೊಳಗ. ಒಂದ ದಿನಾನೂ ತಪ್ಪಿಸಿಲ್ಲ, ಹಾಜರಿ ನೋಡ್ರಿ ಬೇಕಾರ..." ಎಂದವಳು ಅಲ್ಲಿಗೇ ನಾಲಿಗೆ ಕಚ್ಚಿಕೊಂಡಳು.

ಸೀಲು ಇದ್ದದ್ದು ಒಂಬೈನೂರು ಕಿಲೋಮೀಟರ್ ಆಚೆ. ನಿಶ್ಮಿತಾ ಅದನ್ನು ಬರೆದುಕೊಂಡಳು. ದ್ಯಾಮವ್ವ ಸೋಲುವವಳಲ್ಲ.

"ಹೆಸರು ಮಾತ್ರ ಕೇಳಬ್ಯಾಡ್ರಿ. ನನ್ನ ಹಿಡ್ಕೊಂಡು ಹೋಗ್ರಿ. ಆದರ ಆ ಕಾಗದ ಸುಳ್ಳು ಅನಬ್ಯಾಡ್ರಿ. ಬಾವುಟ ಹಾರಿಸಿದ ವರ್ಷ ನಾ ಅಂಬೆಗಾಲು ಇಡತಿದ್ನಂತ, ಅವ್ವ ಹೇಳತಿದ್ಲು. ನಮ್ಮ ಕೇರಿ ಹುಡುಗರನ್ನ ಸಾಲಿಯೊಳಗ ಬಿಡತಿರಲಿಲ್ಲ. ಬಿಟ್ಟಾಗ ನಂಗ ಹತ್ತು. ಹತ್ತು ವರ್ಷದಾಕಿನ್ನ ಒಂದನೇತ್ತೆಗೆ ಹೆಂಗ ಬರಿಯೂದು? ಮಾಸ್ತರ ಆರು ಅಂತ ಬರದ. ನಾಕು ವರ್ಷ ಹೊಡಕೊಂಡ."

"ಈಗ ಆ ನಾಲ್ಕು ವರ್ಷ ಎಂತಕ್ಕೆ ಬೇಕಾಯ್ತು?"

ಉತ್ತರ ಕೊಟ್ಟವಳು ಹರ್ಷಿತಾ. ಹಿಂದಿನ ವರ್ಷ ಅಕ್ಟೋಬರಿನಿಂದ ಪೌರತ್ವಕ್ಕೆ ಪರೀಕ್ಷೆ ಬಂದಿದೆ. ಕಂಪ್ಯೂಟರಿನ ಮುಂದೆ ಇಪ್ಪತ್ತು ಪ್ರಶ್ನೆ, ಇಂಗ್ಲಿಷಿನಲ್ಲಿ. ಅಮ್ಮ ಎರಡು ಸಲ ಫೇಲಾಗಿದ್ದಾಳೆ. ಅರವತ್ತು ದಾಟಿದವರಿಗೆ ಪರೀಕ್ಷೆ ಇಲ್ಲ. ಅಮ್ಮನಿಗೆ ಅರವತ್ತೆರಡು, ಪಾಸ್‌ಪೋರ್ಟಿಗೆ ಐವತ್ತೆಂಟು.

"ಪಿಆರ್ ಇದೆಯಲ್ಲ, ಕಾಯಂ ವಾಸದ ವೀಸಾ. ಇರಬಹುದು, ದುಡಿಯಬಹುದು. ಪೌರತ್ವವೇ ಯಾಕೆ?"

ದ್ಯಾಮವ್ವ ಎದ್ದು ನಿಂತಳು. "ಲಾಂಡ್ರಿಯೊಳಗ ಬಿಸಿನೀರಿನ ಪೈಪು ಒಡದು ಮೂರು ಮಂದಿ ಹೆಂಗಸರು ಸುಟ್ಕೊಂಡ್ರು. ನಾ ಎದ್ದು ಕೇಳಿದೆ. ಸಾಹೇಬ ಅಂದ, ನೀ ಈ ದೇಶಕ್ಕ ಅತಿಥಿ, ವೀಸಾ ನೋಡ್ಕೋ ಅಂತ. ಅವತ್ತಿಂದ ಉಳದವರು ಬಾಯಿ ಮುಚ್ಯಾರ. ಒಂಬತ್ತು ವರ್ಷ ಇವರ ಆಸ್ಪತ್ರಿ ರಕ್ತದ ಹಾಸಿಗಿ ಒಗದಾಕಿ ಅತಿಥೀನು? ಅತಿಥಿಗೆ ಯಾರರ ಹೇಲು ಬಳಿಸ್ತಾರೇನು? ನಂಗ ಓಟು ಬೇಕು. ಓಟು ತಗೊಂಡು ಅವನ ಮುಂದ ಮತ್ತ ಎದ್ದು ನಿಂದರಬೇಕು."

ಬಾಗಿಲ ತನಕ ಬಂದು ಅವಳೇ ಕೇಳಿದಳು: "ನಿಂಗ ಕೊಟ್ಟಾರೇನವ್ವ, ಸಿಟಿಜನ್?"

"ಕೊಟ್ಟಿದ್ದಾರೆ. ಆಗ ಪರೀಕ್ಷೆ ಇರಲಿಲ್ಲ" ಎಂದಳು ನಿಶ್ಮಿತಾ. ವಿಮಾನದಲ್ಲಿ ಅವಳಿಗೆ ನೋಟ್‌ಬುಕ್ ತೆರೆಯುವ ಮನಸ್ಸಾಗಲಿಲ್ಲ. ಅವಳಪ್ಪನ ಹುಟ್ಟಿದ ತಾರೀಖೂ ಜೂನ್ ಒಂದೇ. ಚಿಕ್ಕಪ್ಪನದೂ. ಇಬ್ಬರಿಗೂ ಒಂದೇ ದಿನ ಕೇಕ್ ಕತ್ತರಿಸುವಾಗ ಅವಳ ಬಿಳಿಯ ಗೆಳತಿಯರು ಅವಳಿ ಮಕ್ಕಳೇ ಎಂದು ಕೇಳಿದ್ದುಂಟು. ಶಾಲೆ ತೆರೆಯುವ ದಿನವೇ ಹುಟ್ಟಿದ ದಿನ. ಮೇಷ್ಟ್ರ ಪೆನ್ನಿನಲ್ಲಿ ಒಂದು ತಲೆಮಾರು ಪೂರ್ತಿ ಜೂನ್ ಒಂದಕ್ಕೆ ಹುಟ್ಟಿತ್ತು.

ಹಾಗಾದರೆ ಆ ರಿಜಿಸ್ಟರಿನ ಕಾಲಂಗಳನ್ನು ಕಣ್ಣು ಮುಚ್ಚಿ ಗೀಚಬಲ್ಲವರು ಯಾರು? ಬರೆದು ಬರೆದು ಅಭ್ಯಾಸವಾದವರು. ಮೇಷ್ಟ್ರು. ಇಲ್ಲವೇ ಮೇಡಂ.

ಆಗಸ್ಟ್ ೧೫, ಶುಕ್ರವಾರ. ಶುಕ್ರವಾರದ ರಾಹುಕಾಲ ಹತ್ತೂವರೆಯಿಂದ ಹನ್ನೆರಡು. ನಿಶ್ಮಿತಾ ಬೇಕೆಂದೇ ೧೧.೦೫ಕ್ಕೆ ಬೆಲ್ ಒತ್ತಿದಳು. ದೇವರ ಕೋಣೆಯ ಬಾಗಿಲು ಮುಚ್ಚಿತ್ತು. ಒಳಗಿನಿಂದ ಶ್ರೀಕಂಠಯ್ಯನವರ ಸ್ತೋತ್ರ ಸಣ್ಣಗೆ ಕೇಳುತ್ತಿತ್ತು. ಚಂದ್ರಪ್ರಭಾ ಅವಳನ್ನೂ ಡ್ಯಾರನ್‌ನನ್ನೂ ಅಡುಗೆಮನೆಗೇ ಕರೆದರು.

ಕಪಾಟಿನಲ್ಲಿ ಡಬ್ಬಗಳ ಸಾಲು. ಒಂದೊಂದರ ಮೇಲೂ ಬಿಳಿ ಚೀಟಿ. ಸಾರಿನ ಪುಡಿ. ಹುರಿಗಡಲೆ. ಅವಲಕ್ಕಿ. ಮುತ್ತಿನಂಥ ಅಕ್ಷರ. ನಿಶ್ಮಿತಾ ದಾಖಲೆಯ ಪ್ರತಿಯನ್ನು ಹುರಿಗಡಲೆ ಡಬ್ಬದ ಪಕ್ಕಕ್ಕೆ ಹಿಡಿದಳು. ಡ್ಯಾರನ್‌ಗೆ ಒಂದಕ್ಷರ ಕನ್ನಡ ಬಾರದು. ಅವನೂ "ಓ" ಎಂದ.

ನಿಶ್ಮಿತಾ ಎಚ್ಚರಿಕೆಯ ಮಾತು ಓದಿದಳು. ಏನನ್ನೂ ಹೇಳಬೇಕಾಗಿಲ್ಲ, ಹೇಳಿದ್ದು ಸಾಕ್ಷಿಯಾಗುತ್ತದೆ.

"ಓದಿ ಮುಗೀತಾ? ಕೇಳು."

"ಊರಲ್ಲಿ ಏನು ಕೆಲಸ ಮಾಡ್ತಿದ್ರಿ ಆಂಟಿ?"

"ಪ್ರೈಮರಿ ಸ್ಕೂಲ್ ಟೀಚರ್. ಇಪ್ಪತ್ತಾರು ವರ್ಷ."

"ಈ ಫಾರಂ?"

"ಪೆಟ್ಟಿಗೆಯ ತಳದಲ್ಲಿ ಹಳೇದೊಂದು ಉಳಿದಿತ್ತು. ಬರೆದೆ."

"ಅಂಕಲ್ ಸಹಿ?"

"ಮಗನ ಪ್ರೋಗ್ರೆಸ್ ಕಾರ್ಡಿಗೆ ಹತ್ತು ವರ್ಷ ಅವರ ಸಹಿ ಹಾಕಿದವಳು ನಾನೇ. ಅವರಿಗಿಂತ ಚೆನ್ನಾಗಿ ಬರುತ್ತೆ."

"ರಾಹುಕಾಲದಲ್ಲೇ ಯಾಕೆ ಹಾಕಿದ್ರಿ?"

"ಇನ್ಯಾವಾಗ ಆ ಡ್ರಾಯರ್ ಬಿಟ್ಟು ಏಳ್ತಾರೆ ಅವರು?"

ಡ್ಯಾರನ್ ತರ್ಜುಮೆ ಕೇಳಿ ನಗು ತಡೆದುಕೊಂಡ. ನಿಶ್ಮಿತಾ ಮಾತ್ರ ಮುಂದೆ ಬಾಗಿದಳು.

"ಅಲ್ಲ ಆಂಟಿ, ಸಮಯ ಬೇರೆ ಬರೆದಿದ್ರೆ ಸಿಕ್ಕಿ ಬೀಳ್ತಿರಲಿಲ್ಲ. ಹನ್ನೊಂದು ಗಂಟೆ ಅಂತ ಬರೆಯಬಹುದಿತ್ತಲ್ಲ?"

"ಮೂರೂ ಹತ್ತು ಆಗಿತ್ತು, ಮೂರೂ ಹತ್ತು ಅಂತ ಬರೆದೆ" ಎಂದರು ಚಂದ್ರಪ್ರಭಾ. "ಆ ಕಾಗದದಲ್ಲಿ ಒಂದೂ ಸುಳ್ಳು ತಾರೀಖು ಬೇಡ ಅಂತ."

ಅವರ ದನಿ ಏರಿತು. "ನಾನು ಎಷ್ಟು ಮಕ್ಕಳಿಗೆ ಜೂನ್ ಒಂದು ಬರೆದಿದೀನಿ ಗೊತ್ತಾ? ತಾಯಿ ಬಂದು ಸುಗ್ಗಿಯಲ್ಲಿ ಹುಟ್ಟಿದ ಅಂತಾಳೆ, ನನಗೆ ಕಾಲಂ ತುಂಬಬೇಕು. ಎರಡು ವರ್ಷ ಕಡಿ, ಮೂರು ವರ್ಷ ಕಡಿ. ದ್ಯಾಮವ್ವ ಹ್ಯಾರಿಸ್ ಪಾರ್ಕಿನಲ್ಲಿದ್ದಾಗಿಂದ ಪರಿಚಯ, ಅವಳಿಗೆ ಆರು ತಿಂಗಳು ಫೋನಿನಲ್ಲಿ ಪರೀಕ್ಷೆಯ ಪಾಠ ಹೇಳಿದೆ. ಗುಂಡಿ ಒತ್ತೋವಾಗ ಅವಳಿಗೆ ಕಲಿತ ಇಂಗ್ಲಿಷೆಲ್ಲ ಮರೆತುಹೋಗುತ್ತೆ, ನಾನೇನು ಮಾಡಲಿ? ನನಗೆ ಪೌರತ್ವ ಕೊಟ್ಟಾಗ ಒಂದು ಕಪ್ ಟೀ ಕುಡಿಯುವಷ್ಟು ಹೊತ್ತು ಮಾತಾಡಿಸಿದರು, ಮುಗೀತು. ಅವಳು ಒಂಬತ್ತು ವರ್ಷ ದುಡಿದಿದ್ದಾಳೆ, ಅವಳಿಗೆ ಕಂಪ್ಯೂಟರ್. ಇಪ್ಪತ್ತಾರು ವರ್ಷ ಸುಳ್ಳು ಬರೆದೆ, ಸರ್ಕಾರ ಸಂಬಳ ಕೊಡ್ತು. ಒಂದೇ ಒಂದು ಸಲ ನಿಜ ಬರೆದೆ. ಈಗ ಕೋಳ ಹಾಕು."

"ಕೋಳ ಬೇಡ" ಎಂದಳು ನಿಶ್ಮಿತಾ. ಬಂಧನದ ಸಮಯ ಬೆಳಗ್ಗೆ ೧೧.೪೦. "ಅಂಕಲ್ ಹೊರಗೆ ಬರುವವರೆಗೆ ಕಾಯೋಣ. ನೀವೇ ಹೇಳಿ."

೧೨.೦೧ಕ್ಕೆ ಶ್ರೀಕಂಠಯ್ಯ ಬಾಗಿಲು ತೆಗೆದರು. ಹೆಂಡತಿ ಹೇಳಿದ್ದನ್ನು ಕೇಳುತ್ತ ಕೇಳುತ್ತ ಅವರ ಮುಖ ಮೊದಲು ಕೆಂಪಾಯಿತು, ಆಮೇಲೆ ಬಿಳುಪೇರಿತು.

"ನನ್ನ ಸೀಲು ಕಣೇ!"

"ಸರ್ಕಾರದ್ದು."

"ಕಂಪ್ಲೇಂಟ್ ವಾಪಸ್ ತಗೋತೀನಮ್ಮ" ಎಂದು ಅವರು ನಿಶ್ಮಿತಾಳ ಕಡೆ ತಿರುಗಿದರು. "ಈಗಲೇ. ಎಲ್ಲಿ ಸಹಿ ಹಾಕಲಿ?"

"ಆಗೋದಿಲ್ಲ ಅಂಕಲ್. ನಂಬರ್ ಬಿದ್ದಾಗಿದೆ."

"ಬೇಡಾರೀ" ಎಂದರು ಚಂದ್ರಪ್ರಭಾ ಚಪ್ಪಲಿ ಮೆಟ್ಟುತ್ತ. "ಕೋರ್ಟಿಗೆ ಹೋಗಲಿ. ದ್ಯಾಮವ್ವ ಯಾವ ವರ್ಷ ಹುಟ್ಟಿದಳು ಅಂತ ಒಬ್ಬ ಜಡ್ಜಾದರೂ ಗಟ್ಟಿಯಾಗಿ ಓದಲಿ. ನಿಮಗೆ ಅನ್ನಕ್ಕೆ ಇಟ್ಟಿದೀನಿ, ಹುಳಿ ಬಿಸಿ ಮಾಡ್ಕೊಳಿ."

ಠಾಣೆಯಲ್ಲಿ ಕಸ್ಟಡಿ ಫಾರಂ ತುಂಬುವಾಗ ನಿಶ್ಮಿತಾ ಎರಡನೇ ಕಾಲಂ ಕೇಳಿದಳು. ಹುಟ್ಟಿದ ದಿನಾಂಕ?

"ಜೂನ್ ಒಂದು" ಎಂದರು ಚಂದ್ರಪ್ರಭಾ. ನಿಶ್ಮಿತಾ ತಲೆಯೆತ್ತಿದಳು. "ಹೂಂ ಕಣಮ್ಮ. ನಮ್ಮ ಮೇಷ್ಟ್ರೂ ಅಷ್ಟೇ. ಬರಕೊ, ಸರ್ಕಾರಕ್ಕೆ ಅದೇ ಇಷ್ಟ."

ಸಂಜೆ ೪.೩೦ಕ್ಕೆ ಜಾಮೀನು ಕೊಟ್ಟು ಬಿಟ್ಟರು. ದ್ಯಾಮವ್ವನ ಅರ್ಜಿಯನ್ನು ಇಲಾಖೆ ತಡೆಹಿಡಿಯಿತು. ಅವಳು ಮರುವಾರವೇ ಮೂರನೇ ಸಲ ಪರೀಕ್ಷೆಗೆ ಹೆಸರು ಬರೆಸಲು ಹೋದಳೆಂದೂ, ಅರ್ಜಿ ತೀರ್ಮಾನವಾಗುವವರೆಗೆ ಇಲ್ಲವೆಂದು ಹೇಳಿದ್ದಕ್ಕೆ ಅಲ್ಲೇ ಬೆಂಚಿನ ಮೇಲೆ ಸಂಜೆತನಕ ಕೂತಿದ್ದಳೆಂದೂ ಹರ್ಷಿತಾ ಫೋನಿನಲ್ಲಿ ತಿಳಿಸಿದಳು.

ಕೋರ್ಟಿಗೆ ಹೋಗುವ ವರದಿಯನ್ನು ನಿಶ್ಮಿತಾ ಸೋಮವಾರ ಬರೆದಳು. ಆರೋಪಿ ಗಂಡನ ಸೀಲು ಬಳಸಿದ್ದು ನಿಜ, ಸಹಿ ನಕಲು ಮಾಡಿದ್ದು ನಿಜ. ಕೊನೆಯಲ್ಲಿ ಒಂದು ಸಾಲು: ದಾಖಲೆ ನಕಲಿ, ಆದರೆ ಅದರಲ್ಲಿ ನಮೂದಿಸಿದ ಹುಟ್ಟಿದ ವರ್ಷ ಸುಳ್ಳೆಂದು ತನಿಖೆಯಲ್ಲಿ ಕಂಡುಬಂದಿಲ್ಲ, ಪಾಸ್‌ಪೋರ್ಟಿನ ವರ್ಷ ನಿಜವೆಂದೂ ಕಂಡುಬಂದಿಲ್ಲ.

ಇನ್ಸ್‌ಪೆಕ್ಟರ್ ಹ್ಯಾರಿಗನ್ ಆ ಸಾಲಿನ ಮೇಲೆ ಬೆರಳಿಟ್ಟ. "ಇದು ಲಾಯರ್ ಹೇಳಬೇಕಾದ ಮಾತು. ತೆಗೆ."

"ತನಿಖೆ ಮಾಡಿದವಳು ನಾನು, ಸರ್."

"ಇದರಿಂದ ಏನಾಗುತ್ತೆ?"

"ಜಡ್ಜ್ ಗಟ್ಟಿಯಾಗಿ ಓದ್ತಾರೆ."

ಅವನು ಕಾಗದವನ್ನು ಅವಳ ಕಡೆಗೇ ತಳ್ಳಿದ. ಅವಳು ಸಾಲನ್ನು ತೆಗೆಯಲಿಲ್ಲ. ಕೆಳಗೆ ಸಹಿ ಹಾಕಿ, ಪಕ್ಕದಲ್ಲಿ ಗಡಿಯಾರ ತೋರಿಸುತ್ತಿದ್ದ ಸಮಯವನ್ನೇ ಬರೆದಳು.