ನಲವತ್ತೇಳನೇ ಸೀರೆಯ ಎಳೆ

2004ರ ಏಪ್ರಿಲ್ 19, ಸೋಮವಾರ, ಬೆಳಿಗ್ಗೆ ಹತ್ತೂವರೆ. ಚಳ್ಳಕೆರೆಯ ಖಾಸಗಿ ಲ್ಯಾಬಿನ ಕಂಪ್ಯೂಟರ್, ಮೊಳಕಾಲ್ಮೂರಿನ ಸೀರೆಯೊಂದರ ಎಳೆಯನ್ನು ರೇಷ್ಮೆ ಎಂದು ಗುರುತಿಸಿತು. ಜನವರಿಯಲ್ಲಿ ಇದೇ ಕಂಪ್ಯೂಟರ್ ಇದೇ ಸೀರೆಯನ್ನು ಹತ್ತಿ ಎಂದಿತ್ತು.

ಎಳೆಯ ಮೇಲೆ ಇನ್‌ಫ್ರಾರೆಡ್ ಬೆಳಕು ಬಿಟ್ಟರೆ ಪರದೆಯಲ್ಲಿ ಏರಿಳಿತದ ಗೆರೆ ಮೂಡುತ್ತದೆ. ಕಂಪ್ಯೂಟರ್ ಅದನ್ನು ತನ್ನಲ್ಲಿರುವ ಸಾವಿರಾರು ಗೆರೆಗಳೊಂದಿಗೆ ಹೋಲಿಸಿ ವಸ್ತುವಿನ ಹೆಸರು ಹೇಳುತ್ತದೆ.

ಸೀರೆ ನೇಯ್ದವನ ಮಗಳು ನಾಗರತ್ನ ಆ ಗೆರೆಯ ಉದ್ದಕ್ಕೂ ಬೆರಳಾಡಿಸಿದಳು. ನೂಲಿಗೆ ಗಂಜಿ ಹಚ್ಚಿ ಹಚ್ಚಿ ಬೆರಳ ತುದಿ ಒಡೆದಿತ್ತು. ಲ್ಯಾಬಿನಲ್ಲಿ ಪರೀಕ್ಷೆ ಮಾಡುವ ರವಿಕಿರಣ್ ಪರದೆ ಬಿಟ್ಟು ಆ ಬೆರಳನ್ನೇ ನೋಡುತ್ತಿದ್ದ. ಒಂದು ವರ್ಷ ಬೆಳಗಿನ ಬಸ್ಸಿನಲ್ಲಿ ಅವಳಿಗೆ ಸೀಟು ಹಿಡಿದವನು ಅವನು.

"ಎಷ್ಟಂತೈತೆ?"

"ನೂರಕ್ಕೆ ತೊಂಬತ್ತಾರು."

"ನಮ್ಮಪ್ಪ ನೂರಕ್ಕೆ ನೂರು ಅಂದಿದ್ರು. ಇದಕ್ಕಿಂತ ಅವರೇ ವಾಸಿ."

ಅವನು ನಗಲಿಲ್ಲ. "ಜನವರಿ ರಿಪೋರ್ಟ್‌ಗೆ ಸೈನ್ ಹಾಕಿದ್ದು ನಾನೇ, ರತ್ನಾ. ಸೀರೆ ತಗೊಳ್ಳೋ ವ್ಯಾಪಾರಿ ಬರೀ ನಂಬರ್ ಹಾಕಿ ಕಳಿಸಿದ್ದ, ನಲವತ್ತೇಳು. ನಿಮ್ಮ ಮನೆ ಸೀರೆ ಅಂತ ಗೊತ್ತಿರಲಿಲ್ಲ. ಎಳೆ ತೊಳೀದೇ ಇಟ್ಟೆ. ಎಳೆ ಮೇಲಿನ ಗಂಜಿ ನೋಡಿ ಕಂಪ್ಯೂಟರ್ ಹತ್ತಿ ಅಂತು, ಎರಡರ ಗೆರೆಯೂ ಹೆಚ್ಚುಕಡಿಮೆ ಒಂದೇ ಥರ. ಗೆರೆಯಲ್ಲಿ ರೇಷ್ಮೆಯ ಎರಡು ಸಣ್ಣ ಉಬ್ಬು ನನ್ನ ಕಣ್ಣಿಗೆ ಬಿದ್ದಿದ್ವು. ಕಂಪ್ಯೂಟರೇ ಹೇಳೈತಲ್ಲ ಅಂತ ಬಿಟ್ಟೆ."

"ಗೊತ್ತು. ನಿಮ್ಮ ಸೈನ್ ಬಸ್ ಪಾಸ್ ಮ್ಯಾಲೆ ವರ್ಷ ಪೂರ್ತಿ ನೋಡೀನಿ."

"ಮತ್ತೆ ಯಾಕೆ ಬೈಲಿಲ್ಲ?"

"ಬೈಯಾಕೇ ಬಂದಿದ್ದೆ. ಇವತ್ತು ಕೂಸಿಗೆ ನೀರು ಹಾಕ್ದಂಗೆ ಎಳೆ ತೊಳೀತಿದ್ರಿ, ಮರ್ತೆ." ಅವಳು ತಲೆ ತಗ್ಗಿಸಿದಳು. "ಗಂಜಿ ಹಚ್ಚಿದ್ದೂ ನಾನೇ. ಎಳೆ ಕಡೀತಿದ್ವು ಅಂತ ಎಲ್ರಿಗಿಂತ ಒಂದು ಸಲ ಜಾಸ್ತಿ."

ಅವನು ಹೊಸ ರಿಪೋರ್ಟ್‌ಗೆ ಸಹಿ ಹಾಕಿದ. "ಭಾನುವಾರ ನಿಮ್ಮಪ್ಪನ ಹತ್ರ ಬಂದು ತಪ್ಪು ಒಪ್ಕೊಂತೀನಿ. ಆಮೇಲೆ ನಿನ್ನ ಮದುವೆ ಮಾಡಿಕೊಡಿ ಅಂತ ಕೇಳ್ತೀನಿ."

"ಬರಬ್ಯಾಡ್ರಿ."

ಜನವರಿಯ ರಿಪೋರ್ಟಿನಿಂದ ಕಲಬೆರಕೆ ಎಂಬ ಹೆಸರು ಬಿದ್ದ ಮೇಲೆ ಅವಳ ಅಪ್ಪ ಹನುಮಣ್ಣನಿಗೆ ಮೊಳಕಾಲ್ಮೂರಿನಲ್ಲಿ ಯಾರೂ ನೂಲು ಕೊಟ್ಟಿರಲಿಲ್ಲ. ಮೂರು ತಿಂಗಳು ಮಗ್ಗ ನಿಂತಿತ್ತು. ಕೊನೆಗೆ ರಾಯದುರ್ಗದ ಒಬ್ಬರು ನೂಲು ಕೊಟ್ಟರು. ಹಾಗೇ ತಮ್ಮ ತಮ್ಮನಿಗೆ ನಾಗರತ್ನಳನ್ನು ಕೇಳಿದರು.

"ಶುಕ್ರವಾರ ನನ್ನ ಮದುವೆ ವೀಳ್ಯ ಆತು. ಯಾರೂ ಕೈ ಹಿಡೀದಾಗ ಹಿಡಿದೋರು ಅವರು. ಅಪ್ಪನ ಮಾತು ನಾನು ಮುರಿಯಲ್ಲ."

"ಹಂಗಾದ್ರೆ ಈ ರಿಪೋರ್ಟ್ ಯಾಕೆ ಬೇಕಿತ್ತು?"

"ನಮ್ಮಪ್ಪ ಕಳ್ಳ ಅಲ್ಲ ಅಂತ ಒಂದು ಕಾಗದ ಬೇಕಿತ್ತು. ಅದು ನಿಮ್ಮ ಕೈಯಿಂದ್ಲೇ ಬರಬೇಕಿತ್ತು."

ಅವಳು ಹನ್ನೆರಡರ ಬಸ್ಸಿಗೆ ಹೊರಟಳು. ಹೊಸ ರಿಪೋರ್ಟ್ ನೋಡಿ ಮೇ ಮೊದಲ ವಾರ ಆ ವ್ಯಾಪಾರಿ ಹನುಮಣ್ಣನಿಗೆ ಮತ್ತೆ ನೂಲು ಕೊಟ್ಟ. ಅದೇ ತಿಂಗಳ 27ರಂದು ರಾಯದುರ್ಗದಲ್ಲಿ ನಾಗರತ್ನಳ ಮದುವೆಯಾಯಿತು.