ತಾತನ ಆಲ್ಬಮ್ಮಿಗೊಂದು ಯೂಯೂ

"ಶ್! ಖೈರಾ ಅತ್ತೆ, ಸುಮ್ನಿರಿ ಅಂದ್ನಲ್ಲ!"

"ಅಯ್ಯಯ್ಯೋ, ನೋಡ್ರೇ ಪೊಲೀಸಮ್ಮನ್ನ! ಬಿಸ್ಕಣ್ಣ ಗಿಟಾರ್ ಬಾರಿಸೋವಾಗ ನಾವು ಬಾಯಿಗೆ ಬೀಗ ಹಾಕ್ಕೋಬೇಕಂತೆ. ಇದೇನು ಪರೀಕ್ಷೆ ರೂಮಾ?"

ಚಾಪೆಗಳ ಮೇಲೆ ಕೂತಿದ್ದ ಹೆಂಗಸರೆಲ್ಲ ಗೊಳ್ಳೆಂದು ನಕ್ಕರು. ದಾಸ್ಸೀನಳ ಕಿವಿ ಬಿಸಿಯಾಯಿತು.

ಮರುಭೂಮಿಯ ನಡುವಿನ ಊರು ತಮನ್‌ರಾಸೆತ್‌ನ ಯೂತ್ ಸೆಂಟರ್ ಅಂಗಳ ಭರ್ತಿಯಾಗಿತ್ತು. ಗೋಡೆಯ ಮೇಲೂ ಹುಡುಗರು. ಆಚೆ ಕಲ್ಲುಬೆಟ್ಟಗಳು ಸಂಜೆ ಬಿಸಿಲಿಗೆ ಕೆಂಪಗಾಗಿದ್ದವು. ಇವತ್ತು ದಾಸ್ಸೀನಳ ತಾತ ಬಿಸ್ಕಾನ ಲೈವ್ ಆಲ್ಬಮ್ ರೆಕಾರ್ಡಿಂಗ್! ಅವಳ ಅಮ್ಮ ಹುಟ್ಟುವ ಮುಂಚಿನಿಂದಲೂ ತಾತ ರಾಕ್ ಹಾಡುತ್ತಾ ಬಂದವನು. ಅವನ ಆಲ್ಬಮ್‌ಗಳೆಲ್ಲ ಪ್ಯಾರಿಸ್ಸಿನ ಮುಚ್ಚಿದ ಕೋಣೆಗಳಲ್ಲಿ ಆದವು.

"ಗೋಡೆ ನೋಡ್ಕೊಂಡು ಹಾಡಿದ ಹಾಗಿತ್ತು," ಎಂದು ತಾತ ಹಟ ಹಿಡಿದಿದ್ದ. "ಈ ಸಲ ನಮ್ಮೂರಲ್ಲೇ, ನಮ್ಮವರ ಮುಂದೆ."

ಅದಕ್ಕೇ ರೆಕಾರ್ಡಿಂಗ್ ಮಾಡುವ ಲೋತ್ಫಿ ಅಣ್ಣ ದೂರದ ರಾಜಧಾನಿ ಅಲ್ಜೀರ್ಸ್‌ನಿಂದ ಪೆಟ್ಟಿಗೆಗಟ್ಟಲೆ ಮಷೀನು ಹೊತ್ತು ಬಂದಿದ್ದ. ಬೆಳಗಾದರೆ ಅವನ ವಿಮಾನ. ಆಗುವುದೆಲ್ಲ ಇವತ್ತೇ ಆಗಬೇಕು.

ಲೋತ್ಫಿಗೆ ಇದ್ದದ್ದು ಒಂದೇ ಹೆದರಿಕೆ: ಯೂಯೂ. ಖುಷಿಯಾದಾಗ ಅತ್ತೆಯಂದಿರು ನಾಲಿಗೆಯನ್ನು ಗಂಟೆಯ ಹಾಗೆ ಆಡಿಸಿ ಹಾಕುವ ಕೇಕೆ. ನಿನ್ನೆ ಮೈಕ್ ಟೆಸ್ಟ್ ಮಾಡುವಾಗ ಖೈರಾ ಅತ್ತೆ ಒಂದು ಹಾಕಿದ್ದಕ್ಕೆ ಅವನು ಚೇಳು ಕಚ್ಚಿದವನ ಹಾಗೆ ಹೆಡ್‌ಫೋನ್ ಕಿತ್ತೆಸೆದಿದ್ದ.

"ಪುಟ್ಟಿ, ಇದು ಮೈಕಿಗೆ ಬಿದ್ರೆ ಗಿಟಾರ್ ಸತ್ತೋಗತ್ತೆ. ಹಾಡು ಮುಗಿದ ಮೇಲೆ ನೀನು ಕೈ ಎತ್ತು, ಆಗ ಕೂಗ್ಲಿ. ಅಲ್ಲೀವರೆಗೂ ಒಬ್ರೂ ಉಸಿರೆತ್ತಬಾರದು. ನಿನ್ನ ಜವಾಬ್ದಾರಿ!"

ಅವನಾಡುವ ಅರಬ್ಬಿ ಭಾಷೆ ಅತ್ತೆಯಂದಿರಿಗೆ ಅರ್ಥವಾಗುತ್ತಿರಲಿಲ್ಲ. ದಾಸ್ಸೀನ ಅದನ್ನು ಶಾಲೆಯಲ್ಲಿ ಕಲಿತಿದ್ದಳು. ಕ್ಲಾಸಿನಲ್ಲಿ ಯಾರಿಗೂ ಸಿಗದ ಕೆಲಸ ಸಿಕ್ಕಿತೆಂದು ಬೆಳಿಗ್ಗೆಯಿಂದ ಬೀಗುತ್ತಿದ್ದಳು.

ತಾತ ಶುರುಮಾಡಿದ. ಅಂಗಳ ಗಪ್‌ಚಿಪ್. ಮೊದಲ ಹಾಡು ಬಂತು, ಹೋಯಿತು. ಎರಡನೆಯದು ಇನ್ನೂ ಬೇಗ ಮುಗಿಯಿತು. ದಾಸ್ಸೀನ ಕೈ ಎತ್ತಿದಾಗ ಎಲ್ಲರೂ ಚಪ್ಪಾಳೆ ತಟ್ಟಿದರು, ಶಾಲೆಗೆ ಇನ್‌ಸ್ಪೆಕ್ಟರ್ ಬಂದಾಗ ತಟ್ಟುವ ಹಾಗೆ.

"ಏನಾಗಿದೆ ಬಿಸ್ಕಣ್ಣಂಗೆ? ಹುಷಾರಿಲ್ವಾ?" ಖೈರಾ ಅತ್ತೆ ಪಿಸುಗುಟ್ಟಿದಳು.

ತಲೆಗೂ ಮುಖಕ್ಕೂ ಸುತ್ತಿದ ನೀಲಿ ಬಟ್ಟೆಯೊಳಗೆ ತಾತನ ಕಣ್ಣು ಮಾತ್ರ ಕಾಣುತ್ತಿತ್ತು. ಆ ಕಣ್ಣು ಹೆಂಗಸರ ಸಾಲಿನ ಮೇಲೆ ಅತ್ತಿಂದಿತ್ತ ಓಡಾಡುತ್ತಿತ್ತು, ಏನನ್ನೋ ಕಳೆದುಕೊಂಡು ಹುಡುಕುವವರ ಹಾಗೆ.

ಮೂರನೇ ಹಾಡು. ಗಿಟಾರು ಒಂಟಿಯಾಗಿ ಮೇಲೇರುವ ಜಾಗ ಬಂತು. ತಾತ ಒಂದು ಸಾಲು ನುಡಿಸಿ ತಡೆದ. ಅದೇ ಸಾಲನ್ನು ಮತ್ತೆ ನುಡಿಸಿದ. ಮತ್ತೊಮ್ಮೆ.

ಮದುವೆಗಳಲ್ಲಿ ಈ ಸಾಲು ಬಂದರೆ ಸಾಕು, ಅತ್ತೆಯಂದಿರು ಯೂಯೂ ಹಾಕುತ್ತಾರೆ. ಆಗ ತಾತ ತಲೆ ಹಿಂದಕ್ಕೆಸೆದು ಇನ್ನೂ ಮೇಲೇರುತ್ತಾನೆ. ಅವರು ಮತ್ತೆ ಹಾಕುತ್ತಾರೆ, ಅವನು ಮತ್ತೆ ಏರುತ್ತಾನೆ. ಈಗ ತಾತ ಕರೆಯುತ್ತಿದ್ದಾನೆ. ಯಾರೂ ಓಗೊಡುತ್ತಿಲ್ಲ.

ದಾಸ್ಸೀನ ತಿರುಗಿ ಲೋತ್ಫಿ ಅಣ್ಣನ ಕಡೆ ನೋಡಿದಳು. ಅವನು ನಗುತ್ತಾ ಹೆಬ್ಬೆರಳು ತೋರಿಸಿದ. ಕೈ ಎತ್ತಿದರೆ ರೆಕಾರ್ಡಿಂಗ್ ಹಾಳು. ಎತ್ತದಿದ್ದರೆ...

ಹಾಡಿನ ನಟ್ಟನಡುವೆ ಅವಳ ಕೈ ಮೇಲಕ್ಕೆ ಹೋಯಿತು.

"ಹಾಕಿ ಅತ್ತೆ!"

ಖೈರಾ ಅತ್ತೆಗೆ ಎರಡನೇ ಸಲ ಹೇಳಬೇಕಾಗಲಿಲ್ಲ. ಯೂಯೂ ಅಂಗಳವನ್ನೇ ಸೀಳಿತು. ಹಿಂದೆಯೇ ಹತ್ತಾರು ಗಂಟಲುಗಳು! ಲೋತ್ಫಿ ಗಾಬರಿಯಿಂದ ಎದ್ದು ನಿಂತ. ಅಷ್ಟರಲ್ಲಿ ತಾತನ ತಲೆ ಹಿಂದಕ್ಕೆ ಹೋಯಿತು, ಕಾಲು ನೆಲ ಗುದ್ದತೊಡಗಿತು. ಗಿಟಾರು ಏರಿತು, ಇನ್ನೂ ಏರಿತು. ಮುದುಕರೂ ಎದ್ದು ಕುಣಿದರು. ಹಾಡು ಮುಗಿಯುವ ಮಾತೇ ಇಲ್ಲ!

ಕೊನೆಗೆ ಮುಗಿದಾಗ ದಾಸ್ಸೀನ ಕಾಲೆಳೆಯುತ್ತಾ ಮಷೀನಿನ ಹತ್ತಿರ ಹೋದಳು.

"ಕೈ ಎತ್ತಿದ್ದು ನಾನೇ ಅಣ್ಣ. ಅವರನ್ನ ಬೈಬೇಡ."

ಲೋತ್ಫಿ ಬೈಯಲಿಲ್ಲ. ಹೆಡ್‌ಫೋನ್ ತೆಗೆದು ಅವಳ ಕಿವಿಗಿಟ್ಟ. ಕೇಕೆಯಲ್ಲಿ ಗಿಟಾರು ಅಲ್ಲಲ್ಲಿ ಮುಳುಗುತ್ತಿತ್ತು, ನಿಜ. ಆದರೆ ಪ್ರತಿ ಸಲ ಮುಳುಗಿ ಎದ್ದಾಗಲೂ ಅದು ನಗುತ್ತಿದ್ದ ಹಾಗಿತ್ತು.

"ಗಿಟಾರ್ ಮೈಕ್‌ಗಳನ್ನ ಅವರಿಂದ ಸ್ವಲ್ಪ ದೂರ ಇಡ್ತೀನಿ," ಲೋತ್ಫಿ ತಲೆ ಕೆರೆದುಕೊಂಡ. "ಅತ್ತೆಯಂದಿರಿಗೂ ಒಂದು ಬೇಕು. ಮೊದಲ ಎರಡು ಹಾಡು ಇನ್ನೊಂದ್ಸಲ ಆಗತ್ತಾ, ತಾತನ್ನ ಕೇಳು."

ತಮ್ಮೆದುರಿಗೂ ಮೈಕ್ ಬಂದು ನಿಂತದ್ದೇ ತಡ, ಖೈರಾ ಅತ್ತೆ ಸೆರಗು ಸರಿಮಾಡಿಕೊಂಡಳು. "ಬಿಸ್ಕಣ್ಣ, ಕವರ್ ಮೇಲೆ ನನ್ನ ಫೋಟೋನೂ ಹಾಕ್ಸು!"

"ಹಾಕಿಸಿದ್ರೆ ನನ್ನನ್ಯಾರೇ ನೋಡ್ತಾರೆ?" ಎಂದ ತಾತ.

ದಾಸ್ಸೀನ ನುಸುಳಿ ಅತ್ತೆಯಂದಿರ ನಡುವೆ ಕೂತಳು. ಮೊದಲ ಹಾಡು ಮತ್ತೆ ಶುರುವಾಯಿತು. ಗಿಟಾರು ಏರಿ, ತಡೆದು, ಕಾಯಿತು. ತಾತನ ಕಣ್ಣು ಸಾಲನ್ನೆಲ್ಲ ದಾಟಿ ಅವಳ ಮೇಲೆ ಬಂದು ನಿಂತಿತು. ಖೈರಾ ಅತ್ತೆ ತೆರೆದ ಬಾಯಿಯನ್ನು ಹಾಗೇ ಮುಚ್ಚಿಕೊಂಡಳು.

ದಾಸ್ಸೀನ ಎದೆ ತುಂಬ ಉಸಿರೆಳೆದು ಯೂಯೂ ಹಾಕಿದಳು. ಮೈಕಿನ ಕಡೆಗಲ್ಲ, ತಾತನ ಕಡೆಗೆ.