ಗುಂಡುಸೂಜಿ ಇಲ್ಲದ ಕಚೇರಿ

ಸೋಮವಾರ ಬೆಳಗ್ಗೆ ಹತ್ತೂವರೆಗೆ ಬ್ಯಾಂಡೇಜ್ ಕಾರ್ಖಾನೆಯ ಆಡಳಿತಾಧಿಕಾರಿ ದೂರು ಹಿಡಿದು ಠಾಣೆಗೆ ಬಂದಾಗ ಇನ್ಸ್‌ಪೆಕ್ಟರ್ ನಿಂತೇ ಇದ್ದರು. ಕೂತರೆ ಕೈಕಾಲು ಸುಮ್ಮನಿರುತ್ತಿರಲಿಲ್ಲ. ವರ್ಗಾವಣೆಯಾಗಿ ತಿಂಗಳಾಗಿದ್ದರೂ ಮೇಲಿನ ಕಚೇರಿಯಿಂದ ಬಿಡುಗಡೆ ಆದೇಶ ಬಂದಿರಲಿಲ್ಲ. ಮನೆಯಲ್ಲಿ ಹೆಂಡತಿ ಪಾತ್ರೆಪಗಡೆಯನ್ನೆಲ್ಲ ಡಬ್ಬಗಳಿಗೆ ತುಂಬಿ ಕಟ್ಟಿದ್ದರು. ಈಗ ದಿನಕ್ಕೊಂದು ಪಾತ್ರೆ ಹೊರಗೆ ಬರುತ್ತಿತ್ತು, ಅದರ ಜೊತೆಗೆ ದಿನಕ್ಕೊಂದು ಮಾತೂ ಬರುತ್ತಿತ್ತು.

ದೂರು ಸರಳವಾಗಿತ್ತು. ಆ ಕಾರ್ಖಾನೆಗೆ ಹೊಸದಾಗಿ ಸೇರಿದ ಮೂವರು ಮೊದಲು ನೂಲಿನ ಗಿರಣಿಯಲ್ಲಿದ್ದವರು. ಗಿರಣಿಯ ಕೆಲಸ ಬಿಟ್ಟದ್ದಕ್ಕೆ ಅವರು ಕೊಟ್ಟ ಬಿಡುಗಡೆ ಪತ್ರಗಳು ನಕಲಿ ಎಂಬುದು ಅಧಿಕಾರಿಯ ಆರೋಪ.

"ಹೇಗೆ ಗೊತ್ತಾಯ್ತು?"

"ಗಿರಣಿಗೆ ಫೋನ್ ಮಾಡಿ ಕೇಳಿದೆ ಸಾರ್. ನಾವು ಯಾರಿಗೂ ಕೊಟ್ಟೇ ಇಲ್ಲ ಅಂದ್ರು."

"ಸಹಿ?"

"ಮ್ಯಾನೇಜರ್ ತನ್ನದಲ್ಲ ಅಂತಾರೆ."

"ಮೊಹರು?"

"ಅದು ಮಾತ್ರ ಅವರದೇ ಇರೋ ಹಾಗಿದೆ."

"ಆ ಮೂವರು ಈಗೆಲ್ಲಿ?"

"ಗೇಟಿನ ಹೊರಗೆ. ಶನಿವಾರದೊಳಗೆ ಅಸಲಿ ಪತ್ರ ತಂದ್ರೆ ಒಳಗೆ. ಇಲ್ದಿದ್ರೆ ಬೇರೆಯವರನ್ನ ತಗೋತೀವಿ."

ಎಫ್‌ಐಆರ್ ದಾಖಲಾಯಿತು. ಮುಖ್ಯಪೇದೆ ಮೂರೂ ಪತ್ರಗಳನ್ನು ಮೇಜಿನ ಮೇಲೆ ಹರಡಿದ. ಒಂದೊಂದರಲ್ಲೂ ಎರಡು ಹಾಳೆ. ಮೂಲೆಯಲ್ಲಿ ತೂತು ಮಾಡಿ ಬಿಳಿ ನೂಲಿನಿಂದ ಕಟ್ಟಲಾಗಿತ್ತು.

"ಗುಂಡುಸೂಜಿಗೂ ಗತಿಯಿಲ್ಲದ ಕಳ್ಳ ಸಾರ್ ಇವನು," ಎಂದು ನಕ್ಕ.

ಇನ್ಸ್‌ಪೆಕ್ಟರ್ ನಗಲಿಲ್ಲ. ಗಂಟು ಸಾಸಿವೆ ಕಾಳಿಗಿಂತ ಚಿಕ್ಕದಿತ್ತು. ದಾರದ ತುದಿಗಳನ್ನು ಬುಡಕ್ಕೇ ಕತ್ತರಿಸಿದ್ದರು. ಉಗುರಿನಿಂದ ಕೆರೆದರೂ ಬಿಚ್ಚಲಿಲ್ಲ.

ಮಧ್ಯಾಹ್ನ ಮೂವರನ್ನೂ ಕರೆಸಿದರು. ಮೊದಲು ಬಂದವಳು ಎತ್ತರದ ಹೆಂಗಸು, ಗಿರಣಿಯಲ್ಲಿ ನೂಲು ಸುತ್ತುವ ವಿಭಾಗದಲ್ಲಿದ್ದವಳು. ಜೊತೆಗೆ ಅವಳ ಅತ್ತೆಯೂ ಬಂದಿದ್ದರು. ಯಾರೂ ಹೇಳದಿದ್ದರೂ ಕುರ್ಚಿ ಎಳೆದುಕೊಂಡು ಕೂತರು.

"ಈ ಪತ್ರ ಯಾರು ಕೊಟ್ಟದ್ದು?"

"ಟಪಾಲಲ್ಲಿ ಬಂತು ಸಾರ್."

"ಯಾರು ಕಳಿಸಿದ್ದು?"

"ಗಿರಣಿ."

"ಗಿರಣಿಗೇನು ಕೈ ಇದೆಯೇನಮ್ಮ? ಯಾರ ಕೈ ಅಂತ ಕೇಳ್ತಿರೋದು."

ಅವಳು ನೆಲ ನೋಡಿದಳು. ಉತ್ತರ ಬಂದದ್ದು ಅತ್ತೆಯಿಂದ. "ನನ್ನ ಸೊಸೆ ಸುಳ್ಳು ಹೇಳಲ್ಲಪ್ಪ. ಹೇಳಿದ್ರೆ ನನಗೆ ಗೊತ್ತಾಗ್ದೆ ಇರುತ್ತಾ? ಇಷ್ಟು ವರ್ಷ ಒಂದೇ ಅಡುಗೆಮನೇಲಿ ಹೊಗೆ ಕುಡಿದಿದ್ದೀವಿ. ಮಗ ಸೊಂಟ ಮುರ್ಕೊಂಡು ಮಲಗಿದ್ದಾನೆ. ಇವಳ ಕೆಲಸ ಹೋದ್ರೆ ನಮ್ಮ ಒಲೆಗೂ ರಜೆ."

"ಇದರಲ್ಲಿ ಬರೆದಿದ್ದು ಸುಳ್ಳಾ?" ಇನ್ಸ್‌ಪೆಕ್ಟರ್ ಸೊಸೆಯನ್ನೇ ಕೇಳಿದರು.

"ಒಂದಕ್ಷರಾನೂ ಸುಳ್ಳಲ್ಲ. ಹನ್ನೊಂದು ವರ್ಷ ದುಡಿದಿದ್ದೀನಿ. ನೋಟಿಸ್ ಕೊಟ್ಟೇ ಬಿಟ್ಟೆ."

"ಮತ್ತೆ ಗಿರಣಿಯವರು ಯಾಕೆ ಕೊಡಲಿಲ್ಲ?"

"ಬಿಟ್ಟೋರಿಗೆಲ್ಲ ಪತ್ರ ಕೊಟ್ರೆ ಇರೋರೂ ಬಿಡ್ತಾರಂತೆ ಸಾರ್. ಹತ್ತು ಸಲ ಹೋಗಿದ್ದೆ. ನಾಳೆ ಬಾ, ನಾಳೆ ಬಾ."

ಎತ್ತಿಗೆ ಮೂಗುದಾರ, ಮನುಷ್ಯನಿಗೆ ಕಾಗದ ಎಂದುಕೊಂಡರು ಇನ್ಸ್‌ಪೆಕ್ಟರ್. ಅವಳ ಮುಂದೆ ದಾರವಿಟ್ಟು ಗಂಟು ಹಾಕಲು ಹೇಳಿದರು. ಅವಳ ಬೆರಳು ಅತ್ತ ಇತ್ತ ಆಡಿದ್ದಷ್ಟೇ ಕಂಡಿತು. ಅದೇ ಸಾಸಿವೆ ಗಂಟು.

ಮುಖ್ಯಪೇದೆ ಹಿಗ್ಗಿದ. "ಸಿಕ್ಕಿಬಿದ್ದಳು ಸಾರ್!"

"ನೂಲು ಸುತ್ತೋರೆಲ್ಲ ಹೀಗೇ ಹಾಕೋದು," ಎಂದಳು ಅವಳು. "ಕಡಿದ ಎಳೆ ಜೋಡಿಸೋ ಗಂಟು ಇದು. ಬಾಲ ಉಳಿದ್ರೆ ಮಷೀನಲ್ಲಿ ಸಿಕ್ಕಿಕೊಳ್ಳುತ್ತೆ."

ಉಳಿದಿಬ್ಬರು ಬಾಯ್ಲರ್ ನೋಡುತ್ತಿದ್ದವನು ಮತ್ತು ಲಾರಿ ಚಾಲಕ. ಅವರಿಗೂ ದಾರ ಕೊಟ್ಟರು. ಬಾಯ್ಲರಿನವನು ಹಾಕಿದ ಗಂಟಿನಲ್ಲಿ ಎಮ್ಮೆ ಕಟ್ಟಬಹುದಿತ್ತು. ಆದರೆ ಅವರ ಪತ್ರಗಳಲ್ಲಿದ್ದದ್ದೂ ಅದೇ ಸಣ್ಣ ಗಂಟು.

"ಹಾಗಾದ್ರೆ ಇವಳೇ ಮೂವರಿಗೂ ಮಾಡಿಕೊಟ್ಟಿರಬೇಕು," ಎಂದ ಮುಖ್ಯಪೇದೆ, ಬಿಟ್ಟುಕೊಡದೆ.

"ಮೊಹರು ಗಿರಣಿಯೊಳಗಿದೆ. ಇವಳು ಹೊರಗಿದ್ದಾಳೆ. ಲಾರಿಯವನು ಕೆಲಸ ಬಿಟ್ಟದ್ದೇ ಇವಳಾದ ಮೇಲೆ. ಹೇಗೆ ಹಾಕಿದಳು?"

ಮುಖ್ಯಪೇದೆ ಕಿವಿ ತುರಿಸಿಕೊಂಡ. ಹೊರಗೆ ಹೋಗುವಾಗ ಅತ್ತೆ ತಿರುಗಿ ನಿಂತರು. "ಶನಿವಾರ ಅಂದ್ರೆ ದೂರ ಇಲ್ಲಪ್ಪ," ಎಂದರು. ಆ ಮಾತು ಇನ್ಸ್‌ಪೆಕ್ಟರನ್ನು ಎರಡು ದಿನ ಬಿಡಲಿಲ್ಲ. ಚಹಾ ಅರ್ಧಕ್ಕೇ ಬಿಟ್ಟು ಏಳುತ್ತಿದ್ದರು. ನ್ಯಾಯಾಲಯದ ಹಾಜರಿ, ಒಂದು ಅಪಘಾತ, ಮಂತ್ರಿಗಳ ಬಂದೋಬಸ್ತ್ ಎಲ್ಲ ಮುಗಿದು ಗಿರಣಿಗೆ ಹೊರಡುವಷ್ಟರಲ್ಲಿ ಗುರುವಾರ ಆಗಿತ್ತು.

ಗಿರಣಿಯ ಗೇಟಿನಲ್ಲಿ ಕಾವಲುಗಾರ ಜೀಪು ತಡೆದ. ಪೊಲೀಸರೆಂದು ಸಲಾಮು ಹೊಡೆದನಾದರೂ ಮುಖ್ಯಪೇದೆಯ ಕೈಯಲ್ಲಿದ್ದ ಕಾಗದಗಳಿಂದ ಗುಂಡುಸೂಜಿಗಳನ್ನು ಒಂದೊಂದಾಗಿ ಕಿತ್ತು ತಗಡಿನ ಡಬ್ಬಿಗೆ ಹಾಕಿದ.

"ಇದೇನಯ್ಯಾ?"

"ಒಳಗೆ ಸೂಜಿ, ಪಿನ್ನು ಯಾವುದೂ ಬಿಡಲ್ಲ ಸಾರ್. ಹತ್ತಿ ಜೊತೆ ಮಷೀನಿಗೆ ಹೋದ್ರೆ ಕಿಡಿ ಹಾರುತ್ತೆ. ಹಿಂದೊಂದು ಸಲ ಗೋದಾಮು ಸುಟ್ಟು ಬೂದಿಯಾಗಿತ್ತು. ಅವತ್ತಿಂದ ಆಫೀಸಲ್ಲೂ ದಾರಾನೇ."

ಇನ್ಸ್‌ಪೆಕ್ಟರ್ ಆ ಡಬ್ಬಿಯನ್ನು ಸ್ವಲ್ಪ ಹೊತ್ತು ನೋಡಿದರು. ಪತ್ರಗಳು ಹುಟ್ಟಿದ್ದು ಇದೇ ಗೇಟಿನೊಳಗೆ ಎಂಬುದರಲ್ಲಿ ಈಗ ಅನುಮಾನ ಉಳಿಯಲಿಲ್ಲ.

ಕಚೇರಿಯಲ್ಲಿ ಇದ್ದವರು ಮೂವರೇ. ಗಾಜಿನ ಕೋಣೆಯಲ್ಲಿ ಮ್ಯಾನೇಜರ್. ಹೊರಗೆ ಒಬ್ಬ ಲೆಕ್ಕಿಗ. ಕಿಟಕಿ ಪಕ್ಕ, ಕಂಪ್ಯೂಟರ್ ಮುಂದೆ, ಕನ್ನಡಕ ಮೂಗಿನ ತುದಿಗೆ ಜಾರಿಸಿಕೊಂಡ ಐವತ್ತು ದಾಟಿದ ಹೆಂಗಸು. ಸಿಬ್ಬಂದಿಯ ಕಾಗದಪತ್ರವೆಲ್ಲ ಅವರದೇ ಕೆಲಸ. ಎಲ್ಲರೂ ಅವರನ್ನು ಟೈಪಮ್ಮ ಎನ್ನುತ್ತಿದ್ದರು.

"ಕೆಲಸ ಬಿಟ್ಟವರಿಗೆ ಪತ್ರ ಕೊಡೋದು ನಿಮ್ಮ ಹೊಣೆ ಅಲ್ವಾ?" ಇನ್ಸ್‌ಪೆಕ್ಟರ್ ಮ್ಯಾನೇಜರನ್ನು ಕೇಳಿದರು.

"ಕೇಳಿದ್ರೆ ಕೊಡ್ತೀವಿ."

"ಕೇಳಿದ್ದಾರಲ್ಲ."

"ಸರಿಯಾಗಿ ಕೇಳಿಲ್ಲ."

"ಬಿಟ್ಟುಹೋದವರ ಕಡತ, ಹಾಜರಿ ಪುಸ್ತಕ?"

"ಹೋದವರದ್ದು ಇಟ್ಕೊಂಡು ಏನ್ ಮಾಡೋದು ಸಾರ್? ರದ್ದಿಗೆ ಹಾಕಿಸಿದ್ದೀನಿ."

"ಇಷ್ಟು ವರ್ಷ ಇಟ್ಕೋಬೇಕು ಅಂತ ಕಾನೂನಿದೆ."

"ಕಾನೂನಿಗೆ ಜಾಗದ ಬಾಡಿಗೆ ಗೊತ್ತಿಲ್ಲ."

ದೇವರು ವರ ಕೊಟ್ಟರೂ ಪೂಜಾರಿ ಕೊಡ ಎಂಬ ಗಾದೆ ಇಂಥವರನ್ನು ನೋಡಿಯೇ ಹುಟ್ಟಿರಬೇಕು. ಇನ್ಸ್‌ಪೆಕ್ಟರಿಗೆ ಸಿಟ್ಟು ಬಂತು. ತಮ್ಮ ಸಿಟ್ಟಿನಲ್ಲಿ ಅರ್ಧ ಮೇಲಿನ ಕಚೇರಿಗೆ ಸೇರಬೇಕಾದದ್ದು ಎಂಬುದೂ ಗೊತ್ತಿತ್ತು. ಪಂಚರನ್ನು ಕರೆಸಿ ಎಲ್ಲ ಕಪಾಟು ತೆಗೆಸಿದರು.

ಟೈಪಮ್ಮನ ಹಿಂದಿದ್ದ ಕಪಾಟಿನ ಕೆಳಗಿನ ಅರೆಯಲ್ಲಿ, ಹಳೆಯ ಪರದೆ ಬಟ್ಟೆಯ ಕೆಳಗೆ, ರದ್ದಿಗೆ ಹೋಗಿದ್ದ ಕಡತಗಳೆಲ್ಲ ಇದ್ದವು. ಧೂಳಿರಲಿಲ್ಲ. ಮ್ಯಾನೇಜರ್ ಬಾಯಿ ತೆರೆದವರು ಮುಚ್ಚುವುದನ್ನೇ ಮರೆತರು.

ಮುಖ್ಯಪೇದೆ ಹಾಜರಿ ಪುಸ್ತಕವನ್ನೂ ನಕಲಿ ಪತ್ರಗಳನ್ನೂ ಪಕ್ಕಪಕ್ಕ ಇಟ್ಟು ಓದಿದ. ಸೇರಿದ ದಿನ, ಬಿಟ್ಟ ದಿನ, ಮಾಡಿದ ಕೆಲಸ, ಎಲ್ಲ ಸರಿಯಾಗಿತ್ತು. "ಸಾರ್," ಎಂದು ಪಿಸುಗುಟ್ಟಿದ, "ಸಹಿ ಒಂದು ಬಿಟ್ರೆ ಇದರಲ್ಲಿ ನಕಲಿ ಅನ್ನೋದೇ ಇಲ್ಲ."

ಮಧ್ಯಾಹ್ನ ಎರಡೂ ಕಾಲಿಗೆ ಪಂಚನಾಮೆ ಮುಗಿಯಿತು. ವಶಪಡಿಸಿಕೊಂಡ ಕಾಗದಗಳನ್ನು ಸೇರಿಸಿ ಕಟ್ಟಬೇಕು, ಪಿನ್ನು ಗೇಟಿನಲ್ಲಿ. ಲೆಕ್ಕಿಗ ದಾರ ತಂದು ಕಟ್ಟಿದ. ಎತ್ತಿದ ಕೂಡಲೇ ಬಿಚ್ಚಿಕೊಂಡಿತು.

"ಅವನಿಗೆ ಚಡ್ಡಿ ಲಾಡಿಯೂ ಕಟ್ಟಕ್ಕೆ ಬರಲ್ಲ," ಎಂದರು ಮ್ಯಾನೇಜರ್. "ಏ ಟೈಪಮ್ಮಾ, ಕಟ್ಟಿಕೊಡು ಬಾ. ನೀನು ಮೊದಲು ನೂಲು ಸುತ್ತುತಾ ಇದ್ದವಳಲ್ವಾ?"

ಟೈಪಮ್ಮ ಎದ್ದು ಬಂದರು. ದಾರ ಪೋಣಿಸಿದರು. ಬೆರಳು ಅತ್ತ ಇತ್ತ ಆಡಿತು, ಅಷ್ಟೇ. ತುದಿಯನ್ನು ಹಲ್ಲಿನಿಂದ ಬುಡಕ್ಕೇ ಕಚ್ಚಿದರು. ಮೂವತ್ತು ವರ್ಷದ ಅಭ್ಯಾಸ ಕೈಯಲ್ಲಿತ್ತು, ಕೈಗೆ ಎಚ್ಚರ ಹೇಳಲು ಮನಸ್ಸಿಗೆ ಪುರುಸೊತ್ತಾಗಲಿಲ್ಲ. ಆಮೇಲೆ ತಲೆ ಎತ್ತಿದರು. ಇನ್ಸ್‌ಪೆಕ್ಟರ್ ಗಂಟನ್ನೇ ನೋಡುತ್ತಿದ್ದರು.

"ಎಷ್ಟು ಪತ್ರ ಮಾಡಿದ್ದೀರಮ್ಮ?"

"ಕೇಳಿದೋರಿಗೆಲ್ಲ ಮಾಡಿದ್ದೀನಿ." ಟೈಪಮ್ಮ ಮ್ಯಾನೇಜರ್ ಕಡೆ ಕೈ ತೋರಿದರು. "ಇವರು ಊಟಕ್ಕೆ ಹೋದಾಗ ಮೊಹರು ಮೇಜಿನ ಮೇಲೇ ಇರುತ್ತೆ."

"ಎಷ್ಟು ತಗೊಂಡ್ರಿ?"

"ಏನು ತಗೊಳ್ಳೋದು? ಅದು ಅವರದ್ದೇ ಅಲ್ವಾ?"

"ಯಾಕೆ ಮಾಡಿದ್ರಿ?"

ಟೈಪಮ್ಮ ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿದರು. "ನನ್ನ ತಮ್ಮ ಇಲ್ಲೇ ಫಿಟ್ಟರ್ ಆಗಿದ್ದ. ಬಿಟ್ಟ. ಅಕ್ಕಾ, ನೀನೇ ಬರೆದುಕೊಡು ಅಂತ ಬಂದ. ಸಾಹೇಬರು ಬೇಡ ಅಂದಿದ್ದಾರೆ ಕಣೋ, ನಾಳೆ ಬಾ ಅಂದೆ. ನಾನೇ ಅಂದೆ. ಕೊನೆಗೆ ಕಾಗದ ಕೇಳದ ಕಡೆ ಕೆಲಸಕ್ಕೆ ಹೋದ, ಕಟ್ಟಡದ ಮೇಲೆ. ಕಾಗದ ಕೇಳದೋರು ಟೋಪೀನೂ ಕೊಡಲ್ಲ, ಹಗ್ಗಾನೂ ಕೊಡಲ್ಲ ಸಾರ್. ಬಿದ್ದ, ಉಳೀಲಿಲ್ಲ. ನಾನು ಹೋಗಿ ಪರಿಹಾರ ಕೇಳಿದ್ರೆ, ಇಂಥೋನು ನಮ್ಮಲ್ಲಿ ಕೆಲಸಕ್ಕೇ ಇರಲಿಲ್ಲ ಅಂದ್ರು. ಅಲ್ಲೂ ಅವನ ಹೆಸರು ಇರಲಿಲ್ಲ, ಇಲ್ಲೂ ಇರಲಿಲ್ಲ."

ಗೋಡೆಯಾಚೆ ಮಷೀನುಗಳು ಒಂದೇ ಸಮ ಓಡುತ್ತಿದ್ದವು. ಮುಖ್ಯಪೇದೆ ಕಿಟಕಿಯ ಕಡೆ ತಿರುಗಿದ.

ಸಹಿ ನಕಲಿ ಮಾಡಿದ್ದು ಅಪರಾಧ. ಇನ್ಸ್‌ಪೆಕ್ಟರಿಗೆ ಬೇರೆ ದಾರಿಯಿರಲಿಲ್ಲ, ಇದ್ದಿದ್ದರೆ ಚೆನ್ನಾಗಿತ್ತು ಎಂದು ಮನಸ್ಸು ಒದ್ದಾಡಿತು. ಬಂಧನದ ವಿಷಯ ತಿಳಿಸಿದರು. ಆಮೇಲೆ ಮ್ಯಾನೇಜರ್ ಕಡೆ ತಿರುಗಿದರು.

"ಆ ಮೂವರು ಇಲ್ಲಿ ದುಡಿದದ್ದಕ್ಕೆ ದಾಖಲೆ ಸಿಕ್ಕಿದೆ. ಈಗಲೇ ಅಸಲಿ ಪತ್ರ ಕೊಡಿ."

"ಕೊಡದಿದ್ರೆ ಕಾರ್ಮಿಕ ಇಲಾಖೆಗೆ ಬರೀತೀರಾ?"

"ಹೇಗಿದ್ರೂ ಬರೀತೀನಿ. ಕೊಟ್ರೆ, ಕೊಟ್ರು ಅಂತಾನೂ ಬರೀತೀನಿ."

ಮ್ಯಾನೇಜರ್ ಲೆಕ್ಕಿಗನ ಮುಖ ನೋಡಿದರು, ಲೆಕ್ಕಿಗ ಮ್ಯಾನೇಜರ ಮುಖ ನೋಡಿದ. ಅಂಥ ಪತ್ರ ಹೇಗೆ ಬರೆಯಬೇಕೆಂದು ಇಬ್ಬರಿಗೂ ಗೊತ್ತಿರಲಿಲ್ಲ. ಕೊನೆಗೆ ಟೈಪಮ್ಮನೇ ಕೂತು ಮೂರನ್ನೂ ಟೈಪು ಮಾಡಿದರು. ಮ್ಯಾನೇಜರ್ ತಮ್ಮ ಕೈಯಾರೆ ಸಹಿ ಹಾಕಿದರು.

"ನಿನ್ನನ್ನೂ ಇವತ್ತಿಂದ ಕೆಲಸದಿಂದ ತೆಗೆದಿದ್ದೀನಿ," ಎಂದರು ಪೆನ್ನು ಮುಚ್ಚುತ್ತಾ.

"ಹಾಗಾದ್ರೆ ನನಗೂ ಒಂದು ಪತ್ರ ಕೊಡಬೇಕಲ್ಲ ಸಾಹೇಬ್ರೇ," ಎಂದರು ಟೈಪಮ್ಮ.

ಮಹಿಳಾ ಪೇದೆ ಬರುವವರೆಗೆ ಸಮಯವಿತ್ತು. ಟೈಪಮ್ಮ ತಮ್ಮದನ್ನು ನಿಧಾನವಾಗಿ ಬರೆದರು. ಸೇರಿದ ದಿನ ಬರೆದರು, ನೂಲು ಸುತ್ತಿದ ವರ್ಷಗಳನ್ನು, ಕಚೇರಿಯ ವರ್ಷಗಳನ್ನು ಬರೆದರು. ಕೆಲಸ ಬಿಡಲು ಕಾರಣ ಎಂಬಲ್ಲಿ ಒಂದು ಕ್ಷಣ ಕೈ ನಿಂತಿತು. ಆಮೇಲೆ, 'ಪೊಲೀಸರು ಬಂಧಿಸಿದ್ದರಿಂದ' ಎಂದು ಒತ್ತಿದರು. ನಿಜವಲ್ಲದ್ದನ್ನು ಅವರು ಯಾರ ಪತ್ರದಲ್ಲೂ ಬರೆದಿರಲಿಲ್ಲ.

ಮ್ಯಾನೇಜರ್ ಇನ್ಸ್‌ಪೆಕ್ಟರ ಕಣ್ಣು ನೋಡಿ ಅದಕ್ಕೂ ಸಹಿ ಹಾಕಿದರು.

ಶುಕ್ರವಾರ ಬೆಳಗ್ಗೆ ಮುಖ್ಯಪೇದೆ ಮೂರು ಪತ್ರಗಳನ್ನು ಬ್ಯಾಂಡೇಜ್ ಕಾರ್ಖಾನೆಗೆ ತಾನೇ ಒಯ್ದ. ಎತ್ತರದ ಹೆಂಗಸು ಮೂಲೆಯ ಗಂಟನ್ನು ಬೆರಳಿನಿಂದ ಮುಟ್ಟಿದಳು. ಕಣ್ಣು ತುಂಬಿಕೊಂಡು ಒಳಗೆ ಹೋದಳು.

ಠಾಣೆಯಲ್ಲಿ ಟೈಪಮ್ಮನ ಚೀಲದ ವಸ್ತುಗಳನ್ನು ಪಟ್ಟಿ ಮಾಡುವಾಗ ಅವರ ಸ್ವಂತ ಬಿಡುಗಡೆ ಪತ್ರವೂ ಸಿಕ್ಕಿತ್ತು. ಅದನ್ನು ಬೇರೆಯಾಗಿ, ಮಡಿಕೆಯಾಗದ ಹಾಗೆ ಇಡಲು ಇನ್ಸ್‌ಪೆಕ್ಟರ್ ಹೇಳಿದರು. ಹೊರಗೆ ಬಂದ ದಿನ ಅವರಿಗೆ ಅದು ಬೇಕಾಗುತ್ತದೆ.